ಆಡುವ ಮುನ್ನಿನ ಮಾತು: ವಾಕ್ಯದ ಮನೋಸಿದ್ಧತೆ ಮತ್ತು ಮೌಖಿಕ ಪರಂಪರೆ

1. ಪ್ರವೇಶ

ಜನಪದ ಗಾಯಕರ ಪ್ರತಿಭೆಯನ್ನು ವಿವರಿಸುವಾಗ ವಿದ್ವಾಂಸರು ಸಾಮಾನ್ಯವಾಗಿ ಎರಡು ಬಗೆಯ ಹೇಳಿಕೆಗಳನ್ನು ಮಾಡುತ್ತ ಬಂದಿದ್ದಾರೆ. ಸಾವಿರಾರು ಸಾಲುಗಳನ್ನು ಬಾಯಿಪಾಠ ಮಾಡಿಕೊಂಡಿರುವ ಗಾಯಕರ ನೆನಪಿನ ಶಕ್ತಿ ಅಸಾಧಾರಣವಾದುದು ಎಂಬುದು ಒಂದು. ಗಾಯಕರು ಹಾಡಲು ಕುಳಿತೊಡನೆ ಮಾತು ತಾನಾಗಿಯೇ ಹರಿದುಬರುತ್ತದೆ, ಅದು ದೈವದತ್ತವಾದ ವರ ಎಂಬುದು ಇನ್ನೊಂದು. ಎರಡೂ ಮೆಚ್ಚುಗೆಯ ಮಾತುಗಳೇ. ಆದರೆ ಮೊದಲನೆಯದು ಗಾಯಕನನ್ನು ಒಂದು ಉಗ್ರಾಣವನ್ನಾಗಿಯೂ ಎರಡನೆಯದು ಅವನನ್ನು ಒಂದು ಕೊಳಲನ್ನಾಗಿಯೂ ಕಾಣುತ್ತವೆ. ಅರ್ಥ ಹೊಳೆದ ಗಳಿಗೆಗೂ ಅದು ನುಡಿಯಾಗಿ ಕಿವಿಗೆ ಬೀಳುವ ಗಳಿಗೆಗೂ ನಡುವೆ ಗಾಯಕನ ಮನಸ್ಸಿನಲ್ಲಿ ನಡೆಯುವ ಕೆಲಸಕ್ಕೆ ಈ ಎರಡರಲ್ಲಿಯೂ ಎಡೆಯಿಲ್ಲ.

ಈ ಕೆಲಸ ಗಾಯಕರಿಗೆ ಮಾತ್ರ ಮೀಸಲಾದುದಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವವರೂ ಪಂಚಾಯಿತಿಯಲ್ಲಿ ಸಾಕ್ಷಿ ನುಡಿಯುವವರೂ ಕ್ಷಣಕ್ಷಣಕ್ಕೂ ಅದನ್ನೇ ಮಾಡುತ್ತಾರೆ. ಸಹಜವಾದ ಮಾತುಕತೆಯಲ್ಲಿ ಮನುಷ್ಯರು ಸೆಕೆಂಡಿಗೆ ಸುಮಾರು ಎರಡು ಮೂರು ಪದಗಳನ್ನು ನುಡಿಯುತ್ತಾರೆಂದು ಭಾಷಾಮನೋವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಅಷ್ಟರೊಳಗೆ ಹೇಳಬೇಕಾದ ವಿಷಯವನ್ನು ಆರಿಸುವುದು, ಪದಗಳನ್ನು ಹುಡುಕುವುದು, ಅವುಗಳಿಗೆ ವಿಭಕ್ತಿ ಪ್ರತ್ಯಯಗಳನ್ನು ಹಚ್ಚುವುದು, ಕ್ರಮವಾಗಿ ಜೋಡಿಸುವುದು, ನಾಲಿಗೆ ತುಟಿಗಳಿಗೆ ಒಪ್ಪಿಸುವುದು ಇವೆಲ್ಲವೂ ನಡೆಯಬೇಕು. ವಾಕ್ಯದ ಈ ಮನೋಸಿದ್ಧತೆಯನ್ನು ಬೇರೆ ಬೇರೆ ಕಾಲದ ಚಿಂತಕರು ಹೇಗೆ ಅರಿತುಕೊಂಡರು, ಆ ಅರಿವು ಮೌಖಿಕ ಕಾವ್ಯದ ಅಧ್ಯಯನಕ್ಕೆ ಯಾವ ಬೆಳಕನ್ನು ಚೆಲ್ಲುತ್ತದೆ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಜನಪದ ಪಠ್ಯಗಳಲ್ಲಿ ದೋಷವೆಂದು, ಅನಗತ್ಯವೆಂದು ಸಂಪಾದಕರು ತೆಗೆದುಹಾಕಿದ ಅಂಶಗಳಲ್ಲಿ ಹಲವು ವಾಸ್ತವವಾಗಿ ವಾಕ್ಯವನ್ನು ಸಿದ್ಧಪಡಿಸಿಕೊಳ್ಳುವ ಸಾಧನಗಳು ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

2. ವಿವಕ್ಷೆಯ ವಿಚಾರ

ಭಾರತೀಯ ವ್ಯಾಕರಣ ಪರಂಪರೆಯು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡಿತ್ತು. ವಾಕ್ಕಿಗೆ ನಾಲ್ಕು ಪಾದಗಳಿದ್ದು, ಮೂರು ಗುಹೆಯಲ್ಲಿ ಅಡಗಿವೆ, ಮನುಷ್ಯರು ನುಡಿಯುವುದು ನಾಲ್ಕನೆಯದನ್ನು ಮಾತ್ರ ಎಂಬ ಕಲ್ಪನೆ ಋಗ್ವೇದದಲ್ಲಿಯೇ ಇದೆ. ಪಾಣಿನೀಯ ಶಿಕ್ಷೆಯು ಮಾತಿನ ಹುಟ್ಟನ್ನು ಒಂದು ಸರಣಿಯಾಗಿ ವಿವರಿಸುತ್ತದೆ. ಆತ್ಮವು ಬುದ್ಧಿಯೊಡನೆ ಕೂಡಿ ಅರ್ಥಗಳನ್ನು ಗ್ರಹಿಸುತ್ತದೆ. ಹೇಳಬೇಕೆಂಬ ಇಚ್ಛೆಯಿಂದ ಮನಸ್ಸನ್ನು ತೊಡಗಿಸುತ್ತದೆ. ಮನಸ್ಸು ದೇಹದ ಅಗ್ನಿಯನ್ನು ತಟ್ಟುತ್ತದೆ. ಅಗ್ನಿಯು ವಾಯುವನ್ನು ಪ್ರೇರಿಸುತ್ತದೆ. ವಾಯುವು ಮೇಲೇರಿ ಬಾಯನ್ನು ಸೇರಿ ವರ್ಣಗಳನ್ನು ಹುಟ್ಟಿಸುತ್ತದೆ. ಹೇಳಬೇಕೆಂಬ ಈ ಇಚ್ಛೆಗೆ ಶಾಸ್ತ್ರವು ‘ವಿವಕ್ಷೆ’ ಎಂಬ ಹೆಸರನ್ನು ಕೊಟ್ಟಿದೆ. ಅಗ್ನಿ ವಾಯುಗಳ ಶರೀರಶಾಸ್ತ್ರ ಇಂದು ಯಾರಿಗೂ ಒಪ್ಪಿಗೆಯಾಗದು. ಆದರೆ ಅರ್ಥದ ಗ್ರಹಿಕೆ, ಹೇಳುವ ಇಚ್ಛೆ, ಉಚ್ಚಾರಣೆ ಎಂಬ ಹಂತಗಳನ್ನು ಬೇರ್ಪಡಿಸಿ ನೋಡಿದ ಕ್ರಮ ಗಮನಾರ್ಹವಾದುದು.

ಭರ್ತೃಹರಿಯ ‘ವಾಕ್ಯಪದೀಯ’ವು ಈ ಚರ್ಚೆಯನ್ನು ಇನ್ನಷ್ಟು ಆಳಕ್ಕೆ ಒಯ್ದಿತು. ಪಶ್ಯಂತಿ, ಮಧ್ಯಮಾ, ವೈಖರಿ ಎಂಬ ಮೂರು ನೆಲೆಗಳಲ್ಲಿ ಪಶ್ಯಂತಿಯು ಕ್ರಮವಿಲ್ಲದ, ಅಖಂಡವಾದ ಅರಿವು. ಮಧ್ಯಮೆಯಲ್ಲಿ ಮಾತು ಮನಸ್ಸಿನೊಳಗೆ ಒಂದು ಬಗೆಯ ಕ್ರಮವನ್ನು ಪಡೆಯುತ್ತದೆ. ವೈಖರಿಯಲ್ಲಿ ಅದು ಕೇಳಿಸುವ ಧ್ವನಿಯಾಗುತ್ತದೆ. ವಾಕ್ಯವು ಮೂಲತಃ ಬಿಡಿಸಲಾಗದ ಒಂದು ಘಟಕವೆಂದೂ ಪದಗಳ ವಿಭಜನೆ ವ್ಯಾಕರಣದ ಅನುಕೂಲಕ್ಕಾಗಿ ಮಾಡಿಕೊಂಡದ್ದೆಂದೂ ಅವನು ವಾದಿಸಿದನು. ಇಡಿಯಾದುದು ಬಿಡಿಯಾಗಿ ಹೊರಬರುವ ಈ ಕ್ರಿಯೆಗೆ ಪರಂಪರೆಯು ಮೊಟ್ಟೆಯ ಹೋಲಿಕೆಯನ್ನು ಬಳಸಿದೆ. ಮರಿಯ ಅಂಗಾಂಗಗಳೆಲ್ಲವೂ ಮೊಟ್ಟೆಯ ರಸದಲ್ಲಿ ಭೇದವಿಲ್ಲದೆ ಅಡಗಿರುವಂತೆ ವಾಕ್ಯವೂ ನುಡಿಯುವ ಮುನ್ನ ಮನಸ್ಸಿನಲ್ಲಿ ಅಡಗಿರುತ್ತದೆ.

ಕನ್ನಡದಲ್ಲಿ ಕೇಶಿರಾಜನು ಸುಮಾರು 1260ರಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ವು ಶಬ್ದದ ಹುಟ್ಟನ್ನು ಜೀವದ ಇಚ್ಛೆಯಿಂದಲೇ ಆರಂಭಿಸುತ್ತದೆ. ಅನುಕೂಲವಾದ ವಾಯುವಿನ ನೆರವಿನಿಂದ, ಜೀವದ ಇಷ್ಟದಂತೆ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ ಎಂಬುದು ಅವನ ನಿರೂಪಣೆ. ಶಬ್ದವನ್ನು ದ್ರವ್ಯವೆಂದು ಕಾಣುವ ಜೈನ ತತ್ತ್ವ ಇದರ ಹಿಂದಿದೆ. ಊದುವವನ ಇಷ್ಟವಿಲ್ಲದೆ ಕಹಳೆ ಮೊಳಗದು. ನುಡಿಗೆ ಮುನ್ನ ನುಡಿಯುವವನ ಸಂಕಲ್ಪವಿದೆ ಎಂಬ ಅಂಶವನ್ನು ಕನ್ನಡದ ವೈಯಾಕರಣನು ಹೀಗೆ ದಾಖಲಿಸಿದ್ದಾನೆ.

3. ಇಡಿಯಿಂದ ಬಿಡಿಗೋ, ಬಿಡಿಯಿಂದ ಇಡಿಗೋ

ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. 1880ರಲ್ಲಿ ಭಾಷಾಚರಿತ್ರೆಯ ತತ್ತ್ವಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಹರ್ಮನ್ ಪೌಲ್ ಅವರ ಪ್ರಕಾರ ವಾಕ್ಯವೆಂದರೆ ಮನಸ್ಸಿನಲ್ಲಿರುವ ಬಿಡಿ ಭಾವನೆಗಳು ಒಂದಕ್ಕೊಂದು ಜೋಡಣೆಗೊಳ್ಳುವುದು. ಪ್ರಾಯೋಗಿಕ ಮನೋವಿಜ್ಞಾನದ ಸ್ಥಾಪಕರಾದ ವಿಲ್ಹೆಲ್ಮ್ ವುಂಟ್ 1900ರಲ್ಲಿ ಇದಕ್ಕೆ ವಿರುದ್ಧವಾದ ನಿಲುವನ್ನು ಮಂಡಿಸಿದರು. ಮೊದಲು ಮನಸ್ಸಿನಲ್ಲಿ ಒಂದು ಸಮಗ್ರ ಚಿತ್ರ ಏಕಕಾಲದಲ್ಲಿ ಮೂಡುತ್ತದೆ. ವಾಕ್ಯವು ಆ ಇಡಿಯನ್ನು ಭಾಗಗಳಾಗಿ ಬಿಡಿಸಿ ಸಾಲುಗೊಳಿಸುವ ಕ್ರಿಯೆ ಎಂದರು. ಭರ್ತೃಹರಿಯ ಅಖಂಡವಾಕ್ಯಕ್ಕೂ ವುಂಟ್ ಅವರ ಸಮಗ್ರ ಚಿತ್ರಕ್ಕೂ ಹಿನ್ನೆಲೆ ಬೇರೆಯಾದರೂ ದಿಕ್ಕು ಒಂದೇ. ವುಂಟ್ ಅವರು ಈ ವಿಚಾರವನ್ನು ಬರೆದದ್ದು ಜನಾಂಗಗಳ ಮನೋವಿಜ್ಞಾನವನ್ನು ಕುರಿತು 1900ರಿಂದ 1920ರವರೆಗೆ ಪ್ರಕಟಿಸಿದ ಹತ್ತು ಸಂಪುಟಗಳ ಮಾಲೆಯಲ್ಲಿ. ಭಾಷೆ, ಪುರಾಣ, ಕಲೆ, ಆಚಾರ ಇವುಗಳನ್ನು ಒಂದೇ ಅಧ್ಯಯನದ ಅಂಗಗಳೆಂದು ಆ ಮಾಲೆಯು ಪರಿಗಣಿಸಿತ್ತು. ಮುಂದೆ ಭಾಷೆಯ ಪ್ರಶ್ನೆ ಪ್ರಯೋಗಾಲಯಕ್ಕೂ ಪುರಾಣ ಆಚಾರಗಳ ಪ್ರಶ್ನೆ ಜಾನಪದಕ್ಕೂ ಹಂಚಿಹೋದವು.

ಮನಸ್ಸಿನೊಳಗಿನ ಸಿದ್ಧತೆ ಕಣ್ಣಿಗೆ ಕಾಣುವಂಥದಲ್ಲ. ಅದರ ಸುಳಿವು ಸಿಕ್ಕಿದ್ದು ಬಾಯಿತಪ್ಪಿದ ಮಾತುಗಳಲ್ಲಿ. ರುಡಾಲ್ಫ್ ಮೆರಿಂಗರ್ ಮತ್ತು ಕಾರ್ಲ್ ಮೇಯರ್ 1895ರಲ್ಲಿ ಜರ್ಮನ್ ಭಾಷಿಕರ ನುಡಿದೋಷಗಳ ಸಂಗ್ರಹವೊಂದನ್ನು ಪ್ರಕಟಿಸಿ, ಈ ತಪ್ಪುಗಳಿಗೂ ನಿಯಮಗಳಿವೆ ಎಂದು ತೋರಿಸಿದರು. 1951ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಕಾರ್ಲ್ ಲ್ಯಾಶ್ಲಿ, ಒಂದು ಪದ ಮುಂದಿನ ಪದವನ್ನು ಎಳೆದು ತರುತ್ತದೆ ಎಂಬ ಸರಪಳಿ ಸಿದ್ಧಾಂತದಿಂದ ಮಾತನ್ನು ವಿವರಿಸಲಾಗದೆಂದು ವಾದಿಸಿದರು. ಮುಂದೆ ಬರಬೇಕಾದ ಪದ ಮೊದಲೇ ನುಸುಳಿಬರುವುದೆಂದರೆ ಅದು ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿ ಕಾದಿತ್ತು ಎಂದೇ ಅರ್ಥ. 1971ರಲ್ಲಿ ವಿಕ್ಟೋರಿಯಾ ಫ್ರಾಮ್ಕಿನ್, 1975ರಲ್ಲಿ ಮೆರಿಲ್ ಗ್ಯಾರೆಟ್ ಇಂಥ ದೋಷಗಳ ಆಧಾರದ ಮೇಲೆಯೇ ವಾಕ್ಯಸಿದ್ಧತೆಯ ಹಂತಗಳನ್ನು ಗುರುತಿಸಿದರು.

ಇದನ್ನು ಕನ್ನಡದ ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ‘ಬಾಗಿಲಿಗೆ ಬೀಗ ಹಾಕಿ ಬಂದೆ’ ಎನ್ನಬೇಕಾದವರು ಅವಸರದಲ್ಲಿ ‘ಬೀಗಕ್ಕೆ ಬಾಗಿಲು ಹಾಕಿ ಬಂದೆ’ ಎಂದುಬಿಡುತ್ತಾರೆಂದು ಭಾವಿಸೋಣ. ಎರಡು ನಾಮಪದಗಳು ಸ್ಥಾನ ಬದಲಿಸಿದವು, ಆದರೆ ಚತುರ್ಥಿ ವಿಭಕ್ತಿ ತನ್ನ ಸ್ಥಾನದಲ್ಲಿಯೇ ಉಳಿಯಿತು. ಅಷ್ಟೇ ಅಲ್ಲ, ‘ಬಾಗಿಲು’ ಶಬ್ದಕ್ಕೆ ಹೊಂದುವ ‘ಇಗೆ’ ಎಂಬ ರೂಪವನ್ನು ಬಿಟ್ಟು ‘ಬೀಗ’ ಶಬ್ದಕ್ಕೆ ಹೊಂದುವ ‘ಕ್ಕೆ’ ಎಂಬ ರೂಪವನ್ನು ಅದು ತಾಳಿತು. ಎಂದರೆ ವಾಕ್ಯದ ಚೌಕಟ್ಟು ಒಂದು ಹಂತದಲ್ಲಿಯೂ ಅದರಲ್ಲಿ ಪದಗಳನ್ನು ಕೂರಿಸುವ ಕೆಲಸ ಇನ್ನೊಂದು ಹಂತದಲ್ಲಿಯೂ ಪ್ರತ್ಯಯದ ಧ್ವನಿರೂಪ ನಿಶ್ಚಯವಾಗುವುದು ಅದಕ್ಕೂ ಆಚೆಯ ಹಂತದಲ್ಲಿಯೂ ನಡೆಯುತ್ತವೆ. ತಪ್ಪಿದ ನಾಲಿಗೆಯೂ ವ್ಯಾಕರಣವನ್ನು ತಪ್ಪುವುದಿಲ್ಲ.

ವಿಲೆಮ್ ಲೆವೆಲ್ಟ್ 1989ರಲ್ಲಿ ಈ ಎಲ್ಲ ತಿಳಿವಳಿಕೆಯನ್ನು ಒಂದು ವ್ಯವಸ್ಥೆಗೆ ತಂದರು. ಹೇಳಬೇಕಾದುದನ್ನು ರೂಪಿಸುವುದು, ಅದಕ್ಕೆ ಭಾಷೆಯ ಆಕಾರ ಕೊಡುವುದು, ಉಚ್ಚರಿಸುವುದು ಎಂಬ ಮೂರು ಘಟ್ಟಗಳು ಅವರ ಮಾದರಿಯಲ್ಲಿವೆ. ಈ ಘಟ್ಟಗಳು ಒಂದು ಮುಗಿದ ಮೇಲೆ ಇನ್ನೊಂದು ಎಂಬಂತೆ ನಡೆಯದೆ ಏಕಕಾಲದಲ್ಲಿ ಸಾಗುತ್ತವೆ. ವಾಕ್ಯದ ಮೊದಲ ತುಣುಕನ್ನು ನಾಲಿಗೆ ನುಡಿಯುತ್ತಿರುವಾಗಲೇ ಮನಸ್ಸು ಮುಂದಿನ ತುಣುಕನ್ನು ಕಟ್ಟುತ್ತಿರುತ್ತದೆ. ಪೌಲ್ ಮತ್ತು ವುಂಟ್ ಅವರ ವಿವಾದಕ್ಕೆ ದೊರೆತ ಉತ್ತರವೂ ಹೀಗೆಯೇ ಮಧ್ಯಮಮಾರ್ಗದ್ದು: ಒಟ್ಟು ಆಶಯ ಮೊದಲೇ ಇರುತ್ತದೆ, ವಿವರಗಳು ದಾರಿಯಲ್ಲಿ ಸಿದ್ಧವಾಗುತ್ತವೆ.

4. ಕ್ರಿಯಾಪದ ಕೊನೆಗೆ ಬರುವ ಭಾಷೆ

ಎಷ್ಟು ವಿವರ ಮೊದಲೇ ಸಿದ್ಧವಾಗಬೇಕು ಎಂಬುದು ಆಯಾ ಭಾಷೆಯ ರಚನೆಯನ್ನೂ ಅವಲಂಬಿಸಿದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಆದರೆ ಅದರ ಪ್ರಭಾವ ವಾಕ್ಯದ ಮೊದಲ ಪದದಲ್ಲಿಯೇ ಕಾಣಿಸುತ್ತದೆ. ‘ನಾನು ಆ ಬಾವಿಯ ನೀರು ಕುಡಿದೆ’, ‘ನನಗೆ ಆ ಬಾವಿಯ ನೀರು ಹಿಡಿಸಿತು’, ‘ನನ್ನಿಂದ ಆ ಬಾವಿಯ ನೀರು ಸೇದಲಾಗದು’ ಎಂಬ ಮೂರು ವಾಕ್ಯಗಳಲ್ಲಿ ನಡುವಿನ ಪದಗಳು ಒಂದೇ. ಮೊದಲ ಪದದ ವಿಭಕ್ತಿಯನ್ನು ನಿರ್ಧರಿಸಿದ್ದು ಕೊನೆಯ ಕ್ರಿಯೆ. ಕುಡಿಯುವುದೋ ಹಿಡಿಸುವುದೋ ಸೇದಲಾಗದಿರುವುದೋ ಎಂಬುದರ ಸ್ವರೂಪವಾದರೂ ತಿಳಿಯದೆ ಕನ್ನಡಿಗರು ಬಾಯಿ ತೆರೆಯುವಂತಿಲ್ಲ. ತೆರೆದ ಮೇಲೆ ಮನಸ್ಸು ಬದಲಾದರೆ ‘ನಾನು... ನನಗೆ’ ಎಂದು ಹಿಂದೆ ಸರಿದು ತಿದ್ದಿಕೊಳ್ಳಬೇಕಾಗುತ್ತದೆ. ದಿನನಿತ್ಯದ ಮಾತಿನಲ್ಲಿ ಇಂಥ ತಿದ್ದುಪಡಿಗಳು ಹೇರಳವಾಗಿ ಕೇಳಿಬರುತ್ತವೆ.

ವಾಕ್ಯಸಿದ್ಧತೆಯ ಅಧ್ಯಯನದಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಿದವರು ಎಸ್. ಎನ್. ಶ್ರೀಧರ್. ಚತುರ್ಥಿ ವಿಭಕ್ತಿಯ ಕರ್ತೃವನ್ನು ಕುರಿತು 1979ರಲ್ಲಿಯೇ ಚರ್ಚಿಸಿದ್ದ ಅವರು, 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕನ್ನಡ, ಜಪಾನಿ, ತುರ್ಕಿ, ಫಿನ್ನಿಶ್ ಮೊದಲಾದ ಹಲವು ಭಾಷೆಗಳ ಭಾಷಿಕರಿಗೆ ಒಂದೇ ಬಗೆಯ ದೃಶ್ಯಗಳನ್ನು ತೋರಿಸಿ, ಅವರು ಅವುಗಳನ್ನು ವರ್ಣಿಸಿದ ಕ್ರಮವನ್ನು ಹೋಲಿಸಿದರು. ಕಂಡದ್ದು ಒಂದೇ ಆದರೂ ಅದನ್ನು ವಾಕ್ಯವಾಗಿಸುವಾಗ ಮನಸ್ಸಿನ ಸಾಮಾನ್ಯ ಪ್ರವೃತ್ತಿಗಳೂ ಆಯಾ ಭಾಷೆಯ ವ್ಯಾಕರಣವೂ ಹೇಗೆ ಒಂದನ್ನೊಂದು ಎದುರಿಸುತ್ತವೆ ಎಂಬುದು ಅಲ್ಲಿಯ ಜಿಜ್ಞಾಸೆ. ಈಚಿನ ಪ್ರಯೋಗಗಳು ಇದೇ ದಾರಿಯಲ್ಲಿ ಮುಂದುವರಿದಿವೆ. ಜಪಾನಿ ಭಾಷಿಕರು ಕರ್ಮಪದವನ್ನು ನುಡಿಯುವ ಮೊದಲೇ ಕ್ರಿಯಾಪದವನ್ನು ಆರಿಸಿಕೊಂಡಿರುತ್ತಾರೆ, ಆದರೆ ಕರ್ತೃಪದಕ್ಕೂ ಮೊದಲೇ ಆರಿಸಿರಬೇಕೆಂದಿಲ್ಲ ಎಂಬ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಹಿಂದಿಯಲ್ಲಿ ಕರ್ತೃವಿಗೆ ‘ನೇ’ ಪ್ರತ್ಯಯ ಹತ್ತುವ ವಾಕ್ಯಗಳಿಗೂ ಹತ್ತದ ವಾಕ್ಯಗಳಿಗೂ, ನುಡಿಯುವ ಮುನ್ನವೇ ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲಿ ವ್ಯತ್ಯಾಸವಿರುವುದನ್ನು 2021ರ ಅಧ್ಯಯನವೊಂದು ದಾಖಲಿಸಿತು.

ಕ್ರಿಯೆಯನ್ನು ಕಡೆಯವರೆಗೆ ಹೊತ್ತು ನಡೆಯುವ ಈ ಭಾರವನ್ನು ಇಳಿಸಿಕೊಳ್ಳುವ ಉಪಾಯವನ್ನೂ ಕನ್ನಡ ತನ್ನೊಳಗೆ ಇರಿಸಿಕೊಂಡಿದೆ. ‘ಎದ್ದು, ಮಿಂದು, ಮಡಿಯುಟ್ಟು, ಕೊಡ ಹೊತ್ತು, ಕೆರೆಯ ದಾರಿ ಹಿಡಿದು ನಡೆದಳು’ ಎಂಬಲ್ಲಿ ಒಂದೊಂದು ಕೃದಂತವೂ ಒಂದೊಂದು ಮೆಟ್ಟಿಲು. ಕಾಲ, ಲಿಂಗ, ವಚನಗಳನ್ನು ಕೊನೆಯ ಕ್ರಿಯಾಪದಕ್ಕೆ ಬಿಟ್ಟು, ನಡುವಿನ ಘಟನೆಗಳನ್ನು ಒಂದಾದ ಮೇಲೊಂದರಂತೆ ಪೋಣಿಸಬಹುದು. ಇಡೀ ವಾಕ್ಯ ಮೊದಲೇ ಸಿದ್ಧವಾಗಿರಬೇಕಾಗಿಲ್ಲ. ಕನ್ನಡದ ಜನಪದ ಕಥನಗಳಲ್ಲಿ ಇಂಥ ಸರಣಿ ವಾಕ್ಯಗಳು ವಿಪುಲವಾಗಿರುವುದಕ್ಕೆ ಇದೂ ಒಂದು ಕಾರಣ. ಲಿಖಿತ ಗದ್ಯದ ಅಳತೆಗೋಲಿನಿಂದ ನೋಡುವವರಿಗೆ ಅದು ಶಿಥಿಲ ಬಂಧವಾಗಿ ಕಂಡಿದೆ.

5. ಯುಗೊಸ್ಲಾವಿಯದ ಗಾಯಕರು

ಮಾತಿನ ಸಿದ್ಧತೆಯ ಪ್ರಶ್ನೆಯನ್ನು ಮೌಖಿಕ ಕಾವ್ಯದ ಸಂದರ್ಭದಲ್ಲಿ ಕ್ಷೇತ್ರಕಾರ್ಯದ ಮೂಲಕ ಎದುರಿಸಿದವರು ಮಿಲ್ಮನ್ ಪ್ಯಾರಿ. ಹೋಮರನ ಕಾವ್ಯಗಳಲ್ಲಿ ಮರುಕಳಿಸುವ ಪದಪುಂಜಗಳನ್ನು ಅಭ್ಯಸಿಸಿದ್ದ ಅವರು, ಅವು ಮೌಖಿಕ ರಚನೆಯ ಗುರುತುಗಳೆಂಬ ಪ್ರಮೇಯವನ್ನು ಜೀವಂತ ಪರಂಪರೆಯಲ್ಲಿ ಪರೀಕ್ಷಿಸಲು 1933ರಿಂದ 1935ರ ನಡುವೆ ಯುಗೊಸ್ಲಾವಿಯದಲ್ಲಿ ಗಾಯಕರನ್ನು ಧ್ವನಿಮುದ್ರಿಸಿದರು. 1935ರ ಡಿಸೆಂಬರಿನಲ್ಲಿ ಪ್ಯಾರಿ ಅಕಾಲ ಮರಣಕ್ಕೆ ತುತ್ತಾದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ‘ದಿ ಸಿಂಗರ್ ಆಫ್ ಟೇಲ್ಸ್’ ಆ ಕೆಲಸದ ಫಲ.

ಪ್ಯಾರಿ ಮತ್ತು ಲಾರ್ಡ್ ಅವರ ಪ್ರಕಾರ ಗಾಯಕರು ಕಾವ್ಯವನ್ನು ಬಾಯಿಪಾಠದಿಂದ ಒಪ್ಪಿಸುವುದಿಲ್ಲ, ಹಾಡುತ್ತಲೇ ರಚಿಸುತ್ತಾರೆ. ಛಂದಸ್ಸಿಗೆ ಹೊಂದುವ ಸಿದ್ಧ ನುಡಿಗಟ್ಟುಗಳೂ, ಮದುವೆಯ ದಿಬ್ಬಣ, ಸಭೆ, ಕುದುರೆಯ ಸಿಂಗಾರ ಮೊದಲಾದ ಸಿದ್ಧ ಸನ್ನಿವೇಶಗಳೂ ಅವರಿಗೆ ನೆರವಾಗುತ್ತವೆ. ಮಾಂಟೆನೆಗ್ರೊದ ಬಿಯೆಲೊ ಪೋಲ್ಯೆ ಪ್ರದೇಶದ ಅವ್ದೊ ಮೆಜೆದೋವಿಚ್ ಎಂಬ ಅನಕ್ಷರಸ್ಥ ಗಾಯಕ 1935ರಲ್ಲಿ 12,000ಕ್ಕೂ ಮಿಕ್ಕಿದ ಸಾಲುಗಳ ಕಾವ್ಯವೊಂದನ್ನು ಹೇಳಿ ಬರೆಸಿದನು. ಅವನು ಎಂದೂ ಕೇಳಿರದ ಹಾಡೊಂದನ್ನು ಇನ್ನೊಬ್ಬ ಗಾಯಕನಿಂದ ಅವನ ಎದುರಿಗೇ ಹಾಡಿಸಿದಾಗ, ಮೂಲದಲ್ಲಿ 2,294 ಸಾಲುಗಳಿದ್ದ ಅದನ್ನು ಅವ್ದೊ 6,313 ಸಾಲುಗಳಿಗೆ ಹಿಗ್ಗಿಸಿ ಹಾಡಿದನು. ಕೇಳಿದ ವಾಕ್ಯಗಳನ್ನು ನೆನಪಿಟ್ಟುಕೊಂಡು ಮಾಡಬಹುದಾದ ಕೆಲಸ ಇದಲ್ಲ. ಕಥೆಯ ಎಲುಬನ್ನು ಹಿಡಿದು ವಾಕ್ಯಗಳನ್ನು ತಾನೇ ಕಟ್ಟಿಕೊಂಡವನಿಗೆ ಮಾತ್ರ ಸಾಧ್ಯವಾದುದು.

ನೋವಿ ಪಜಾರ್ ಪಟ್ಟಣದ ಜೆಮೈಲ್ ಜೋಗಿಚ್ ಎಂಬ ಗಾಯಕನೊಡನೆ ನಡೆದ ಸಂವಾದ ಇನ್ನೂ ಕುತೂಹಲಕರವಾಗಿದೆ. ತಾನು ಕೇಳಿದ ಹಾಡನ್ನು ಒಂದು ಮಾತೂ ಬದಲಾಗದಂತೆ ಹಾಡುತ್ತೇನೆಂದು ಅವನು ದೃಢವಾಗಿ ಹೇಳಿದನು. ಧ್ವನಿಮುದ್ರಿಕೆಗಳನ್ನು ಹೋಲಿಸಿದಾಗ ಸಾಲುಗಳು ಬದಲಾಗಿದ್ದವು. ಗಾಯಕ ಸುಳ್ಳಾಡಿರಲಿಲ್ಲ. ಅವನ ಭಾಷೆಯಲ್ಲಿ ‘ಮಾತು’ ಎಂಬುದಕ್ಕೆ ಬಿಡಿ ಪದವೆಂಬ ಅರ್ಥಕ್ಕಿಂತ ಸಾಲು, ಸೊಲ್ಲು, ಹೇಳಿಕೆ ಎಂಬ ವ್ಯಾಪ್ತಿ ಹೆಚ್ಚಾಗಿತ್ತು. ಕನ್ನಡದ ‘ಮಾತು’ ಕೂಡ ಹಾಗೆಯೇ. ‘ಒಂದು ಮಾತು ಹೇಳಬೇಕಿತ್ತು’ ಎನ್ನುವವರು ಒಂದೇ ಪದವನ್ನು ಹೇಳಿ ಸುಮ್ಮನಾಗುವುದಿಲ್ಲ. ನುಡಿ, ಸೊಲ್ಲು ಎಂಬ ಶಬ್ದಗಳ ವ್ಯಾಪ್ತಿಯೂ ಇಂಥದೇ. ಅಕ್ಷರದ ಅಭ್ಯಾಸವಿರುವವರು ಪದದಿಂದ ಪದಕ್ಕೆ ಲೆಕ್ಕಹಾಕಿದರೆ ಮೌಖಿಕ ಗಾಯಕರು ಸೊಲ್ಲಿನಿಂದ ಸೊಲ್ಲಿಗೆ ಲೆಕ್ಕಹಾಕುತ್ತಾರೆ. ಅವರ ಮನೋಸಿದ್ಧತೆಯ ಘಟಕವೇ ದೊಡ್ಡದು. ಹೊಸ ಹಾಡನ್ನು ಕೇಳಿದ ಮೇಲೆ ಒಂದೆರಡು ದಿನ ಅದನ್ನು ಮನಸ್ಸಿನಲ್ಲಿ ಓರಣಗೊಳಿಸಿಕೊಳ್ಳಲು ಗಾಯಕರು ಬಯಸುತ್ತಾರೆ ಎಂಬ ಸಂಗತಿಯನ್ನೂ ಲಾರ್ಡ್ ಗುರುತಿಸಿದ್ದಾರೆ. ಹಾಡುವ ಗಳಿಗೆಯ ಸಿದ್ಧತೆಯ ಹಿಂದೆ ಇನ್ನೊಂದು ನಿಧಾನವಾದ ಸಿದ್ಧತೆ ಇದೆ.

6. ಸಿರಿ ಮತ್ತು ಮಾನಸಿಕ ಪಠ್ಯ

ಈ ನಿಧಾನವಾದ ಸಿದ್ಧತೆಗೆ ಸೈದ್ಧಾಂತಿಕ ರೂಪ ದೊರೆತದ್ದು ಕರ್ನಾಟಕದ ಕರಾವಳಿಯಲ್ಲಿ. ಫಿನ್ಲೆಂಡಿನ ಲೌರಿ ಹಾಂಕೊ, ಅನೇಲಿ ಹಾಂಕೊ ಅವರು ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರೊಡಗೂಡಿ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕ ಅವರಿಂದ ತುಳು ಸಿರಿ ಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ಹಲವು ದಿನಗಳ ಕಾಲ ಹಾಡಿದ ಆ ಕಾವ್ಯದ ಉದ್ದ 15,683 ಸಾಲುಗಳು. 1998ರಲ್ಲಿ ಅದು ಇಂಗ್ಲಿಷ್ ಅನುವಾದದೊಡನೆ ಹೆಲ್ಸಿಂಕಿಯಲ್ಲಿ ಪ್ರಕಟವಾಯಿತು. ಇದಕ್ಕೂ ಮೊದಲು ಗೋಪಾಲ ನಾಯ್ಕ ಅವರು ಚಿನ್ನಪ್ಪ ಗೌಡ ಅವರಿಗೆ ಹೇಳಿ ಬರೆಸಿದ ಪಾಠದಲ್ಲಿ ಸುಮಾರು ಎಂಟೂವರೆ ಸಾವಿರ ಸಾಲುಗಳಿದ್ದವು. ಗಾಯಕರೂ ಒಬ್ಬರೇ, ಕಥೆಯೂ ಒಂದೇ. ಆದರೂ ಹಾಡಿದಾಗ ಕಾವ್ಯ ಇಮ್ಮಡಿಗೆ ಸಮೀಪವಾಯಿತು.

ಸಿರಿ ಜಾತ್ರೆಯ ಆಚರಣೆಯಲ್ಲಿ, ಗದ್ದೆಯ ನಾಟಿಯ ಸಂದರ್ಭದಲ್ಲಿ ಕಾವ್ಯದ ಭಾಗಗಳು ಬೇರೆ ಬೇರೆ ಪ್ರಮಾಣದಲ್ಲಿ ಕೇಳಿಬರುತ್ತವೆ. ಅಖಂಡವಾದ ಕಾವ್ಯ ಎಲ್ಲಿತ್ತು ಎಂಬ ಪ್ರಶ್ನೆಗೆ ಹಾಂಕೊ ಅವರು ಕೊಟ್ಟ ಉತ್ತರ ‘ಮಾನಸಿಕ ಪಠ್ಯ’ ಎಂಬ ಪರಿಕಲ್ಪನೆ. ಕಥೆಯ ಎಳೆಗಳು, ಪ್ರಸಂಗಗಳ ಚಿತ್ರಗಳು, ಮರುಕಳಿಸುವ ಬಹುರೂಪಿ ನುಡಿಘಟಕಗಳು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬ ವಿವೇಕ ಇವೆಲ್ಲ ಸೇರಿ ಗಾಯಕರ ಮನಸ್ಸಿನಲ್ಲಿ ಒಂದು ವ್ಯವಸ್ಥೆಯಾಗಿ ನೆಲೆಗೊಂಡಿರುತ್ತವೆ. ಅದು ಸಾಲು ಸಾಲಾಗಿ ಬರೆದಿಟ್ಟ ಪುಸ್ತಕದಂಥದಲ್ಲ. ಪ್ರತಿ ಪ್ರದರ್ಶನದಲ್ಲಿಯೂ ಅದರಿಂದ ಹೊಸ ಸಾಲುಗಳು ಮೂಡುತ್ತವೆ. ಒಂದು ವಾಕ್ಯದ ಮಟ್ಟದಲ್ಲಿ ವುಂಟ್ ಅವರು ಕಲ್ಪಿಸಿದ ಸಮಗ್ರ ಚಿತ್ರವನ್ನು ಇಡೀ ಕಾವ್ಯದ ಮಟ್ಟಕ್ಕೆ ವಿಸ್ತರಿಸಿದಂತಿದೆ ಈ ಪರಿಕಲ್ಪನೆ. ಪ್ರಯೋಗಾಲಯಕ್ಕೂ ಜಾನಪದಕ್ಕೂ ಹಂಚಿಹೋಗಿದ್ದ ಎರಡು ಪ್ರಶ್ನೆಗಳು ಇಲ್ಲಿ ಮತ್ತೆ ಒಂದನ್ನೊಂದು ಸಂಧಿಸುತ್ತವೆ.

7. ಸೊಲ್ಲು, ಹೂಂಗುಟ್ಟು ಮತ್ತು ಪದ್ಯದ ಬಿಡುವು

ಪ್ಯಾರಿ, ಲಾರ್ಡ್, ಹಾಂಕೊ ಅವರ ಗಮನ ಮುಖ್ಯವಾಗಿ ಒಬ್ಬ ಗಾಯಕನ ಮನಸ್ಸಿನ ಮೇಲಿತ್ತು. ಕರ್ನಾಟಕದ ಅನೇಕ ಕಥನ ಪರಂಪರೆಗಳಲ್ಲಿ ಮಾತಿನ ಸಿದ್ಧತೆ ಒಬ್ಬರ ಕೆಲಸವಾಗಿ ಉಳಿಯುವುದಿಲ್ಲ. ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ಕಂಸಾಳೆಯ ದೇವರಗುಡ್ಡರಲ್ಲಿ, ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರಲ್ಲಿ ಮುಖ್ಯ ಗಾಯಕರು ಸಾಲನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಸೊಲ್ಲನ್ನು ಹಿಡಿಯುತ್ತಾರೆ. ಫ್ರೀಡಾ ಗೋಲ್ಡ್‌ಮನ್ ಐಸ್ಲರ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಜವಾದ ಮಾತಿನಲ್ಲಿ ಬರುವ ಮೌನಗಳು ಬರಿಯ ಉಸಿರಿನ ವಿರಾಮಗಳಲ್ಲ, ಮುಂದಿನ ಮಾತನ್ನು ಸಿದ್ಧಪಡಿಸಿಕೊಳ್ಳುವ ವೇಳೆಗಳೆಂದು ತೋರಿಸಿದ್ದರು. ಹಾಡಿನಲ್ಲಿ ಮೌನಕ್ಕೆ ಎಡೆಯಿಲ್ಲ, ತಾಳ ನಿಲ್ಲುವಂತಿಲ್ಲ. ಆ ಮೌನದ ಸ್ಥಾನವನ್ನು ಹಿಮ್ಮೇಳದ ಸೊಲ್ಲು ತುಂಬುತ್ತದೆ. ಸೊಲ್ಲು ಮೊಳಗುತ್ತಿರುವಷ್ಟು ಹೊತ್ತು ಮುಂದಿನ ಸಾಲನ್ನು ಕಟ್ಟಿಕೊಳ್ಳಲು ಮುಖ್ಯ ಗಾಯಕರಿಗೆ ಅವಕಾಶವಿದೆ. ಕೇಳುಗರಿಗೆ ಅದು ಲಯ, ಹಾಡುವವರಿಗೆ ಕಾಲಾವಕಾಶ.

ಕಥೆ ಹೇಳುವ ಸಂಪ್ರದಾಯದಲ್ಲಿ ಹೂಂಗುಟ್ಟುವವರಿಲ್ಲದೆ ಕಥೆ ಮುಂದುವರಿಯದು. ಪ್ರತಿ ಸಣ್ಣ ವಾಕ್ಯದ ಕೊನೆಗೆ ಬರುವ ‘ಹೂಂ’ ಕೇಳುಗರು ಎಚ್ಚರವಾಗಿದ್ದಾರೆಂಬುದಕ್ಕೆ ಸಾಕ್ಷಿ. ಅದರೊಡನೆ ಮಾತಿನ ಒಂದು ತುಣುಕು ಮುಗಿದು ಇನ್ನೊಂದು ಆರಂಭವಾಗಲು ಬೇಕಾದ ಸಂಧಿಕಾಲವೂ ಅದೇ. ಸಹಜ ಕಥನದಲ್ಲಿ ಮಾತು ಸಣ್ಣ ಸಣ್ಣ ತುಣುಕುಗಳಾಗಿ ಹೊರಬರುತ್ತದೆ ಎಂಬುದನ್ನು ವಾಲೆಸ್ ಚೇಫ್ 1980ರಲ್ಲಿ ಸಂಪಾದಿಸಿದ ‘ದಿ ಪೇರ್ ಸ್ಟೋರೀಸ್’ ಗ್ರಂಥವು ವಿವರವಾಗಿ ತೋರಿಸಿದೆ. ಹೂಂಗುಟ್ಟುವ ಸಂಪ್ರದಾಯ ಈ ತುಣುಕುಗಳ ಗಡಿಯನ್ನು ಕೇಳಿಸುವಂತೆ ಗುರುತಿಸುತ್ತದೆ.

ಬೀಸುವ ಪದಗಳ ತ್ರಿಪದಿಯಲ್ಲಿ ಎರಡನೆಯ ಪಾದದ ಭಾಗವನ್ನು ಮರಳಿ ಹಾಡಿ ಮೂರನೆಯದಕ್ಕೆ ಸಾಗುವ ರೂಢಿಯಿದೆ. ತ್ರಿಪದಿಯ ಸ್ವಾರಸ್ಯ ಹೆಚ್ಚಾಗಿ ನಿಲ್ಲುವುದು ಮೂರನೆಯ ಪಾದದಲ್ಲಿ. ಅದರ ಮುನ್ನ ಬರುವ ಈ ಆವರ್ತನೆ ಹೊಸ ಪದ ಕಟ್ಟುವ ಹೆಣ್ಣುಮಕ್ಕಳಿಗೆ ಒದಗುವ ಬಿಡುವೂ ಹೌದು. ಒಮ್ಮೆ ಬಳಸಿದ ವಾಕ್ಯರಚನೆಯನ್ನು ಮನಸ್ಸು ಮತ್ತೆ ಸುಲಭವಾಗಿ ಬಳಸುತ್ತದೆ ಎಂಬುದನ್ನು ಕ್ಯಾಥರಿನ್ ಬಾಕ್ 1986ರಲ್ಲಿ ಪ್ರಯೋಗಗಳ ಮೂಲಕ ಸ್ಥಾಪಿಸಿದರು. ಜನಪದ ಹಾಡುಗಳ ಸಮಾನಾಂತರ ಸಾಲುಗಳು, ಚೌಕಟ್ಟು ಉಳಿದು ಒಂದೆರಡು ಪದಗಳು ಮಾತ್ರ ಬದಲಾಗುವ ಪಲ್ಲಟಗಳು, ಮನಸ್ಸಿನ ಈ ಸಹಜ ಗುಣವನ್ನೇ ಕಲೆಯಾಗಿ ಬೆಳೆಸಿವೆ.

ತಾಳಮದ್ದಲೆಯಲ್ಲಿ ಈ ಸಿದ್ಧತೆಯ ಹಲವು ಬಗೆಗಳು ಒಂದೇ ರಂಗದ ಮೇಲೆ ಕಾಣಸಿಗುತ್ತವೆ. ವೇಷವಿಲ್ಲದ, ಕುಣಿತವಿಲ್ಲದ ಈ ಕಲೆಯಲ್ಲಿ ಮಾತೇ ಸರ್ವಸ್ವ. ಪ್ರಸಂಗದ ಪದ್ಯಗಳಷ್ಟೇ ಲಿಖಿತ. ಅರ್ಥಧಾರಿಯ ಮಾತಿಗೆ ಲಿಖಿತ ಪಾಠವಿಲ್ಲ. ಪಾತ್ರದ ಪೀಠಿಕೆಯನ್ನು ಅರ್ಥಧಾರಿ ಮನೆಯಲ್ಲಿಯೇ ಯೋಚಿಸಿಕೊಂಡು ಬರಬಹುದು. ಅದು ದಿನಗಳ ಸಿದ್ಧತೆ. ಭಾಗವತರು ಪದ್ಯವನ್ನು ಹಾಡುತ್ತಿರುವಾಗ ಅದರ ಅರ್ಥವಿಸ್ತಾರದ ದಾರಿಯನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳಬಹುದು. ಅದು ನಿಮಿಷಗಳ ಸಿದ್ಧತೆ. ಎದುರು ಪಾತ್ರದ ಅರ್ಥಧಾರಿ ಅನಿರೀಕ್ಷಿತ ಪ್ರಶ್ನೆಯೊಂದನ್ನು ಎಸೆದಾಗ ಪುರಾಣದ ಪ್ರಮಾಣ, ಪಾತ್ರದ ಔಚಿತ್ಯ, ಮುಂದೆ ಬರಲಿರುವ ಪದ್ಯದ ಮಿತಿ ಇವೆಲ್ಲವನ್ನೂ ಕಾಯ್ದುಕೊಂಡು ಮರುನುಡಿಯಬೇಕು. ಅದು ಕ್ಷಣಗಳ ಸಿದ್ಧತೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918-2006) ಅರ್ಥಧಾರಿಗಳ ಕೀರ್ತಿ ನಿಂತಿರುವುದು ಇಂಥ ಸಂವಾದದ ಸಾಮರ್ಥ್ಯದ ಮೇಲೆ. ಅವರ ಮಾತನ್ನು ಬಾಯಿಪಾಠವೆಂದು ಯಾರೂ ಕರೆಯುವುದಿಲ್ಲ. ಅದನ್ನು ಪಾಂಡಿತ್ಯವೆಂದೂ ಪ್ರತ್ಯುತ್ಪನ್ನಮತಿಯೆಂದೂ ಗೌರವಿಸುತ್ತಾರೆ. ಅದೇ ಬಗೆಯ ಮನೋವ್ಯಾಪಾರವನ್ನು ನೀಲಗಾರರಲ್ಲಿ, ಬೀಸುವ ಹೆಣ್ಣುಮಕ್ಕಳಲ್ಲಿ ಕಂಡಾಗ ಮಾತ್ರ ನೆನಪಿನ ಶಕ್ತಿಯೆಂದು ಹೇಳಿ ಮುಗಿಸುವುದು ನ್ಯಾಯವಾಗದು.

8. ಸಂಪಾದನೆಯ ಹೊಣೆ

ಈ ಚರ್ಚೆಯ ಪ್ರಾಯೋಗಿಕ ಫಲಿತ ಜನಪದ ಪಠ್ಯಗಳ ಸಂಪಾದನೆಗೆ ಸಂಬಂಧಿಸಿದ್ದು. ಅಚ್ಚಾದ ಅನೇಕ ಸಂಗ್ರಹಗಳಲ್ಲಿ ಸೊಲ್ಲನ್ನು ಮೊದಲ ಪದ್ಯದೊಡನೆ ಒಮ್ಮೆ ಕೊಟ್ಟು ಮುಂದೆ ಕೈಬಿಡುವುದು ರೂಢಿಯಾಗಿದೆ. ಪುನರುಕ್ತಿಗಳನ್ನು ಕಡಿಮೆ ಮಾಡುವುದು, ‘ಎಂಬುವಂಥ’, ‘ಅಂತ ಹೇಳಿ’, ‘ಏನಪ್ಪಾ ಅಂದರೆ’ ಮೊದಲಾದ ನುಡಿಗಳನ್ನು ತೆಗೆಯುವುದು, ಗಾಯಕರು ಆರಂಭಿಸಿ ತಿದ್ದಿಕೊಂಡ ಸಾಲುಗಳಲ್ಲಿ ತಿದ್ದಿದ ರೂಪವನ್ನು ಮಾತ್ರ ಉಳಿಸಿಕೊಳ್ಳುವುದು ಇವೂ ವಾಡಿಕೆಯಲ್ಲಿವೆ. ಓದುಗರ ಅನುಕೂಲ, ಪುಟಗಳ ಮಿತಿ, ಗಾಯಕರ ಬಗೆಗಿನ ಗೌರವ ಇವು ಅದರ ಹಿಂದಿನ ಕಾರಣಗಳು. ಕೈಬರಹದಲ್ಲಿ ಹಾಡು ಬರೆದುಕೊಳ್ಳಬೇಕಾಗಿದ್ದ ಕಾಲದ ಸಂಗ್ರಾಹಕರಿಗೆ ಬೇರೆ ದಾರಿಯೂ ಇರಲಿಲ್ಲ. ಆದರೆ ಹೀಗೆ ಸೋಸಿದ ಪಠ್ಯದಲ್ಲಿ ಕಾವ್ಯ ಉಳಿಯುತ್ತದೆ, ಕಾವ್ಯ ಕಟ್ಟಿದ ಕೆಲಸದ ಗುರುತುಗಳು ಅಳಿಸಿಹೋಗುತ್ತವೆ. ತಪ್ಪಿ ತಿದ್ದಿಕೊಂಡ ಒಂದು ಸಾಲು, ಗಾಯಕರ ಮನಸ್ಸು ಯಾವ ಎರಡು ದಾರಿಗಳ ನಡುವೆ ಆಯ್ಕೆ ಮಾಡಿತು ಎಂಬುದಕ್ಕೆ ದೊರೆಯುವ ನೇರ ಆಧಾರ. ವಾಕ್ಯಸಿದ್ಧತೆಯ ಶಾಸ್ತ್ರ ಬೆಳೆದುಬಂದದ್ದು ಬಹುಮಟ್ಟಿಗೆ ಇಂಥ ಆಧಾರಗಳ ಮೇಲೆಯೇ ಎಂಬುದನ್ನು ಈ ಮೊದಲೇ ಗಮನಿಸಲಾಗಿದೆ.

ಇಂದು ಧ್ವನಿಯನ್ನೂ ದೃಶ್ಯವನ್ನೂ ಕಡಿಮೆ ವೆಚ್ಚದಲ್ಲಿ ದಾಖಲಿಸಬಹುದು. ಆದ್ದರಿಂದ ಓದಲಿಕ್ಕೆ ಒಂದು, ಅಧ್ಯಯನಕ್ಕೆ ಇನ್ನೊಂದು ಎಂಬಂತೆ ಎರಡು ಪಾಠಗಳನ್ನು ಸಿದ್ಧಪಡಿಸುವುದು ಕಷ್ಟವಲ್ಲ. ಅಧ್ಯಯನದ ಪಾಠದಲ್ಲಿ ಪ್ರತಿ ಸೊಲ್ಲೂ, ಪ್ರತಿ ‘ಹೂಂ’ ಕೂಡ, ವಿರಾಮಗಳೂ, ತಿದ್ದುಪಡಿಗಳೂ ತಮ್ಮ ಸ್ಥಾನದಲ್ಲಿಯೇ ಇರಬೇಕು. ಒಂದೇ ಗಾಯಕರಿಂದ ಒಂದೇ ಭಾಗವನ್ನು ಹಿಮ್ಮೇಳದೊಡನೆ ಒಮ್ಮೆ, ಹಿಮ್ಮೇಳವಿಲ್ಲದೆ ಒಮ್ಮೆ, ಹೇಳಿ ಬರೆಸುವ ಕ್ರಮದಲ್ಲಿ ಒಮ್ಮೆ ದಾಖಲಿಸಿ ಹೋಲಿಸಿದರೆ, ಸೊಲ್ಲಿನ ಬಿಡುವು ಸಾಲುಗಳ ರಚನೆಗೆ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬ ಈ ಪ್ರಬಂಧದ ಪ್ರತಿಪಾದನೆಯನ್ನು ಒರೆಗೆ ಹಚ್ಚಿ ನೋಡಬಹುದು. ಗೋಪಾಲ ನಾಯ್ಕ ಅವರ ಎರಡು ಪಾಠಗಳ ನಡುವಿನ ಅಂತರ ಈ ದಿಕ್ಕಿನಲ್ಲಿ ಈಗಾಗಲೇ ದಾರಿ ತೋರಿಸಿದೆ. ಹಿರಿಯ ಗಾಯಕರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಹಾಡು ಕೆಲವೊಮ್ಮೆ ಶಿಷ್ಯರಲ್ಲಿ ಉಳಿದೀತು, ಪುಸ್ತಕದಲ್ಲಿ ಉಳಿದೀತು. ಆ ಹಾಡನ್ನು ಕಟ್ಟುತ್ತಿದ್ದ ಮನಸ್ಸಿನ ನಡೆ ಉಳಿಯುವುದು ಅವರ ಸೊಲ್ಲು, ತಡವರಿಕೆ, ತಿದ್ದುಪಡಿಗಳನ್ನು ಬಿಡದೆ ದಾಖಲಿಸಿಕೊಂಡಾಗ ಮಾತ್ರ.